ಕಿವಿ ಕೇಳದ ನಾಯಿಯನ್ನು ದತ್ತು ಹೋಗುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುವ ಬಗೆ

ಬೀದಿಯಲ್ಲಿ ಗಾಯಗೊಂಡ ಅಥವಾ ಯಾರೋ ಬಿಟ್ಟುಹೋದ ನಾಯಿಗಳನ್ನು ಕೆಲವು ತಿಂಗಳು ಮನೆಯಲ್ಲಿ ಇಟ್ಟುಕೊಂಡು, ಅವು ಚೇತರಿಸಿಕೊಂಡ ಮೇಲೆ ಒಳ್ಳೆಯ ಮನೆಗೆ ಒಪ್ಪಿಸುವ ಕೆಲಸವನ್ನು ನಾವು ಬಳ್ಳಾರಿಯಲ್ಲಿ ಕೆಲವು ವರ್ಷಗಳಿಂದ ಮಾಡುತ್ತಿದ್ದೇವೆ. ಹಾಗೆ ಬಂದವುಗಳಲ್ಲಿ ಒಂದು, ಸಂಡೂರು ರಸ್ತೆಯ ಅಂಚಿನಲ್ಲಿ ಮಲಗಿದ್ದ, ಸುಮಾರು ಎಂಟು ತಿಂಗಳ ಬಿಳಿ ಹೆಣ್ಣುನಾಯಿ. ಅದಿರಿನ ಲಾರಿಗಳು ಎಷ್ಟು ಹಾರ್ನ್ ಹೊಡೆದರೂ ಅದು ಏಳುತ್ತಿರಲಿಲ್ಲವಾದ್ದರಿಂದ ಅಲ್ಲಿನ ಚಹಾ ಅಂಗಡಿಯವರು ಅದನ್ನು ‘ಮೊಂಡಿ’ ಎಂದು ಕರೆಯುತ್ತಿದ್ದರು. ನಾವು ಮಲ್ಲಿ ಎಂದು ಹೆಸರಿಟ್ಟೆವು. ಆ ಹೆಸರು ಕೂಡ ಅದಕ್ಕೆ ಎಂದೂ ಕೇಳಿಸಲಿಲ್ಲ. ನಾಲ್ಕು ತಿಂಗಳು ನಮ್ಮಲ್ಲಿದ್ದು ಈಗ ಅದು ಗಂಗಾವತಿಯ ಒಂದು ಮನೆಯಲ್ಲಿದೆ.

ಕಿವುಡು ನಾಯಿಯನ್ನು ಸ್ವಂತಕ್ಕೆ ಸಾಕುವುದಕ್ಕೂ, ಮತ್ತೊಬ್ಬರಿಗೆ ಒಪ್ಪಿಸಲೆಂದು ಸಾಕುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಿಮ್ಮ ನಾಯಿಯಾದರೆ ನಿಮ್ಮಿಬ್ಬರ ನಡುವೆ ಯಾವ ಸನ್ನೆ ಇದ್ದರೂ ನಡೆಯುತ್ತದೆ. ಒಪ್ಪಿಸಬೇಕಾದ ನಾಯಿಗೆ ಕಲಿಸುವ ಸನ್ನೆ, ನೀವಿನ್ನೂ ಮುಖ ನೋಡಿರದ ಒಂದು ಮನೆಯವರ ಕೈಗೂ ಸಲೀಸಾಗಿ ಬರುವಂತಿರಬೇಕು. ಈ ಬರಹದಲ್ಲಿ ಹೇಳಿರುವ ಬಹುತೇಕ ವಿಷಯಗಳು ಈ ಲೆಕ್ಕಾಚಾರದಿಂದಲೇ ಹುಟ್ಟಿದವು.

ಕಿವುಡೇ ಎಂದು ಖಚಿತಪಡಿಸಿಕೊಳ್ಳುವುದು

ಹೆದರಿ ಮುದುಡಿದ ನಾಯಿ, ಜ್ವರದಿಂದ ಬಳಲಿದ ನಾಯಿ, ಕಿವುಡು ನಾಯಿ ಮೂರೂ ಮೊದಲ ದಿನ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಎರಡು ಮೂರು ದಿನ ಅದು ಉಂಡು ಮಲಗಿ ಸುಧಾರಿಸಿಕೊಳ್ಳಲಿ. ಆಮೇಲೆ, ಅದು ನಿದ್ರಿಸುತ್ತಿರುವಾಗ, ನಿಮ್ಮ ವಾಸನೆ ಅದರತ್ತ ತೇಲಿಹೋಗದ ಕಡೆ, ಹಿಂಬದಿಯಲ್ಲಿ ಹತ್ತು ಅಡಿ ದೂರ ನಿಂತು, ಕೈಯಲ್ಲೇ ಹಿಡಿದ ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿಯಿರಿ. ತಟ್ಟೆಯನ್ನು ನೆಲಕ್ಕೆ ಬೀಳಿಸಿದರೆ ಅಥವಾ ಹತ್ತಿರ ನಿಂತು ಚಪ್ಪಾಳೆ ತಟ್ಟಿದರೆ ನೆಲದ ಅದುರು ಮತ್ತು ಗಾಳಿಯ ಅಲುಗಾಟದಿಂದಲೇ ಅದು ಎಚ್ಚರಗೊಳ್ಳಬಹುದು, ಮತ್ತು ನೀವು ಕಿವಿ ಸರಿಯಿದೆ ಎಂದು ತಪ್ಪಾಗಿ ತಿಳಿಯಬಹುದು. ಬೇರೆ ಬೇರೆ ಹೊತ್ತಿನಲ್ಲಿ, ಸೀಟಿ, ಗಂಟೆ, ದಪ್ಪ ದನಿ ಹೀಗೆ ಬೇರೆ ಬೇರೆ ಸದ್ದುಗಳಿಂದ ನಾಲ್ಕಾರು ಸಲ ನೋಡಬೇಕು. ಮಲ್ಲಿ ಅಡುಗೆಮನೆಯ ಬಾಗಿಲ ಬಳಿಯೇ ಮಲಗಿ, ಕುಕ್ಕರ್ ಮೂರು ಸೀಟಿ ಹೊಡೆದರೂ ಮಿಸುಕುತ್ತಿರಲಿಲ್ಲ. ಕುಕ್ಕರಿನ ಮುಚ್ಚಳ ತೆಗೆದು ಕೋಳಿಯ ವಾಸನೆ ಹರಡಿದ ಕೂಡಲೇ ಎದ್ದು ಬಂದು ನಿಲ್ಲುತ್ತಿತ್ತು.

ಇದೆಲ್ಲ ಮನೆಯ ಅಂದಾಜು ಮಾತ್ರ. ಎರಡು ಕಿವಿಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ನಿಶ್ಚಯವಾಗಿ ಹೇಳಬಲ್ಲದ್ದು ಬೇರ್ ಎಂಬ ಪರೀಕ್ಷೆ. ಅದರಲ್ಲಿ ಸದ್ದಿಗೆ ಮೆದುಳು ತೋರುವ ವಿದ್ಯುತ್ ಸ್ಪಂದನವನ್ನು ಅಳೆಯುತ್ತಾರೆ. ಆ ಯಂತ್ರ ಎಲ್ಲ ಊರುಗಳಲ್ಲಿ ಸಿಗುವಂಥದ್ದಲ್ಲ, ಮತ್ತು ತಾತ್ಕಾಲಿಕ ಆರೈಕೆಗೆ ಅದು ಅನಿವಾರ್ಯವೂ ಅಲ್ಲ. ಒಂದೇ ಕಿವಿ ಕೇಳುವ ನಾಯಿಗೆ ಸದ್ದು ತಿಳಿದರೂ ಅದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಕರೆದಾಗ ತಪ್ಪು ದಿಕ್ಕಿಗೆ ಓಡುವ ನಾಯಿಯ ವಿಷಯದಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

ಪಶುವೈದ್ಯರಿಂದ ಕಿವಿಯೊಳಗೆ ನೋಡಿಸುವುದನ್ನು ಮಾತ್ರ ಬಿಡಬಾರದು. ಕೀವು, ಗಟ್ಟಿಯಾದ ಗುಗ್ಗೆ, ಕಿವಿನುಸಿ ಅಥವಾ ಗಡ್ಡೆಯಿಂದ ಕೇಳಿಸದಿದ್ದರೆ ಚಿಕಿತ್ಸೆಯಿಂದ ಸ್ವಲ್ಪವಾದರೂ ಮರಳಬಹುದು. ಹುಟ್ಟಿನಿಂದ ಬಂದ ಕಿವುಡು ಮರಳುವುದಿಲ್ಲ. ಬಿಳಿ ಬಣ್ಣಕ್ಕೂ ಈ ಹುಟ್ಟುಕಿವುಡಿಗೂ ನಂಟಿದೆ. ಬಣ್ಣ ಕೊಡುವ ಕೋಶಗಳು ಒಳಕಿವಿಯಲ್ಲೂ ಇರಬೇಕು. ಅವಿಲ್ಲದಿದ್ದರೆ ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಒಳಕಿವಿಯ ರಕ್ತಸಂಚಾರ ಕುಗ್ಗಿ, ಕೇಳುವ ಕೋಶಗಳು ಸಾಯುತ್ತವೆ. ಡಾಲ್ಮೇಷಿಯನ್ ತಳಿಯಲ್ಲಿ, ನಮ್ಮ ದಕ್ಷಿಣದ ಬಿಳಿ ರಾಜಪಾಳಯಂ ತಳಿಯಲ್ಲಿ ಇದು ತಿಳಿದ ಸಂಗತಿಯೇ. ಎಲ್ಲ ಬಿಳಿ ನಾಯಿಗಳೂ ಕಿವುಡಲ್ಲ ಎಂಬುದೂ ಅಷ್ಟೇ ನಿಜ. ಜೆಂಟಾಮೈಸಿನ್ ಗುಂಪಿನ ಔಷಧಿಗಳೂ ಒಳಕಿವಿಗೆ ಹಾನಿ ಮಾಡಬಲ್ಲವು. ಹಿಂದೆ ಚಿಕಿತ್ಸೆಯಾಗಿದ್ದರೆ ಆ ಚೀಟಿಗಳನ್ನು ವೈದ್ಯರಿಗೆ ತೋರಿಸಿ. ಬಿಸಿ ಮಾಡಿದ ಬೆಳ್ಳುಳ್ಳಿ ಎಣ್ಣೆಯನ್ನು ಕಿವಿಗೆ ಬಿಡಿ ಎಂದು ಹತ್ತು ಮಂದಿ ಹೇಳುತ್ತಾರೆ. ತಮಟೆ ಹರಿದಿದ್ದರೆ ಅದು ಅಪಾಯ, ಆದ್ದರಿಂದ ಬಿಡಬೇಡಿ.

ಇದೇ ಭೇಟಿಯಲ್ಲಿ ಕಣ್ಣನ್ನೂ ನೋಡಿಸಿ, ಏಕೆಂದರೆ ಮುಂದಿನ ಕಲಿಕೆಯೆಲ್ಲ ಕಣ್ಣಿನ ಮೇಲೇ ನಿಂತಿದೆ. ಸದ್ದೂ ವಾಸನೆಯೂ ಇಲ್ಲದ ಹತ್ತಿಯ ಉಂಡೆಯನ್ನು ಅದರ ಮುಂದೆ ಬೀಳಿಸಿ, ನೋಟ ಹಿಂಬಾಲಿಸುತ್ತದೆಯೇ ಎಂದು ಮನೆಯಲ್ಲೂ ನೋಡಬಹುದು. ಉಳಿದ ವೈದ್ಯಕೀಯ ಕ್ರಮ ಯಾವುದೇ ಬೀದಿನಾಯಿಯದ್ದೇ ಆಗಿದೆ. ಎರಡು ವಾರ ಮನೆಯ ಇತರ ನಾಯಿಗಳಿಂದ ದೂರ ಇಡುವುದು, ಜಂತುಹುಳುವಿನ ಔಷಧಿ, ರೇಬೀಸ್ ಮತ್ತು ಇತರ ರೋಗಗಳ ಲಸಿಕೆ, ಉಣ್ಣಿಗಳ ನಿವಾರಣೆ, ಊಟ ಬಿಟ್ಟು ಜ್ವರ ಬಂದರೆ ಉಣ್ಣಿಜ್ವರಕ್ಕೆ ರಕ್ತಪರೀಕ್ಷೆ, ಆರೋಗ್ಯ ಸರಿಹೋದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ. ಹುಟ್ಟುಕಿವುಡು ಅನುವಂಶೀಯವಾದ್ದರಿಂದ ಈ ಕೊನೆಯದನ್ನು ಮಾಡಿಸದೆ ನಾಯಿಯನ್ನು ಯಾರಿಗೂ ಕೊಡಬಾರದೆಂಬುದು ನನ್ನ ಅಭಿಪ್ರಾಯ. ಬಿಳಿ ಮರಿಗೆ ಬೆಲೆ ಹೆಚ್ಚೆಂದು ಮರಿ ಹಾಕಿಸಲು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ.

ನಿದ್ರೆಯಿಂದ ಎಬ್ಬಿಸುವುದು

ಕಿವಿ ಕೇಳುವ ನಾಯಿ ನಿದ್ರೆಯಲ್ಲೂ ನಮ್ಮ ಹೆಜ್ಜೆಯ ಸದ್ದನ್ನು ಕೇಳಿ ಅರ್ಧ ಎಚ್ಚರವಾಗಿರುತ್ತದೆ. ಕಿವುಡು ನಾಯಿಗೆ ಆ ಮುನ್ಸೂಚನೆ ಇಲ್ಲ. ಬೆನ್ನ ಮೇಲೆ ಏಕಾಏಕಿ ಬಿದ್ದ ಕೈ ಅದಕ್ಕೆ ಎಲ್ಲಿಂದಲೋ ಎರಗಿದ ಕೈ, ಹಾಗಾಗಿ ಅದು ಹಲ್ಲು ತೋರಿಸಿದರೆ ಸಿಟ್ಟೆಂದು ತಿಳಿಯಬಾರದು.

ಅನ್ಯದೇಶದವರು ಹೇಳುವ ‘ಕಾಲಿನಿಂದ ನೆಲ ಬಡಿದು ಎಬ್ಬಿಸಿ’ ಎಂಬ ಉಪಾಯ ಹಲಗೆಯ ನೆಲವಿರುವ ಮನೆಗಳದ್ದು. ಮಣ್ಣಿನ ಮೇಲೆ ನೇರವಾಗಿ ಹಾಸಿದ ಕಡಪ ಕಲ್ಲಿನ ಅಥವಾ ಶಹಾಬಾದ್ ಬಂಡೆಯ ನೆಲದಲ್ಲಿ ನಮ್ಮ ಕಾಲು ನೋಯುತ್ತದೆಯೇ ಹೊರತು ನಾಯಿಗೆ ಅದುರು ಮುಟ್ಟುವುದಿಲ್ಲ. ಅದರ ಬದಲು ನಾವು ಅದಕ್ಕೆ ಹಲಗೆಯೊಂದನ್ನೇ ಹಾಸಿಗೆಯಾಗಿ ಮಾಡಿದೆವು. ಹಳೆಯ ಮರದ ಹಲಗೆಯ ಮೇಲೆ, ನಮ್ಮೂರಿನ ಜೀನ್ಸ್ ಹೊಲಿಯುವ ಘಟಕವೊಂದರಿಂದ ತಂದ ತುಂಡುಬಟ್ಟೆಗಳನ್ನು ತುಂಬಿದ ಒಂದು ದಿಂಬು. ಹಲಗೆಯ ತುದಿಯನ್ನು ಬೆರಳಿನಿಂದ ಎರಡು ಸಲ ತಟ್ಟಿದರೆ ಸಾಕು, ಮಲ್ಲಿ ಕಣ್ಣು ತೆರೆಯುತ್ತಿತ್ತು. ಡೆನಿಮ್ ಬಟ್ಟೆ ಕಚ್ಚಿ ಹರಿಯಲು ಬಗ್ಗುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ಆದರೂ ಮುಟ್ಟಿ ಎಬ್ಬಿಸುವುದನ್ನು ರೂಢಿ ಮಾಡಿಸಲೇಬೇಕು, ಏಕೆಂದರೆ ಮುಂದಿನ ಮನೆಯಲ್ಲಿ ಯಾರಾದರೂ ಮುಟ್ಟಿಯೇ ಮುಟ್ಟುತ್ತಾರೆ. ಮೊದಲು ನಾಯಿ ಎಚ್ಚರವಾಗಿರುವಾಗ ಭುಜವನ್ನು ಮೃದುವಾಗಿ ಮುಟ್ಟಿ, ಅದು ತಿರುಗಿದ ಕ್ಷಣವೇ ಒಂದು ತುಣುಕು ಬೇಯಿಸಿದ ಮೊಟ್ಟೆ ಅಥವಾ ಕೋಳಿಮಾಂಸ ಕೊಡಿ. ದಿನಕ್ಕೆ ಇಪ್ಪತ್ತು ಸಲವಾದರೂ ಹೀಗೆ ಮಾಡಿ. ಒಂದು ವಾರದ ನಂತರ ಅದು ತೂಕಡಿಸುತ್ತಿರುವಾಗ ಮಾಡಿ, ಗಾಢನಿದ್ರೆಯ ಸರದಿ ಕೊನೆಗೆ ಬರಲಿ. ನಿದ್ರೆಯಲ್ಲಿರುವಾಗ ಮೊದಲು ತಿಂಡಿಯಿರುವ ಕೈಯನ್ನು ಮೂಗಿನ ಹತ್ತಿರ ತಂದು ವಾಸನೆ ತಿಳಿಯಲು ಬಿಟ್ಟು, ಆಮೇಲೆ ಭುಜ ಮುಟ್ಟಬೇಕು. ಯಾವಾಗಲೂ ಒಂದೇ ಜಾಗ ಮುಟ್ಟಬೇಕು, ಮತ್ತು ಮುಟ್ಟಿದಾಗಲೆಲ್ಲ ಅದಕ್ಕೆ ಒಳ್ಳೆಯದೇ ಆಗಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾಯಿ ಮಲಗುವ ಜಾಗಕ್ಕೆ ಅವರು ಹೋಗದಂತೆ ಅಡ್ಡಗಟ್ಟಿ. ಮಕ್ಕಳಿಗೆ ಹೇಳಿದ್ದೇವೆ ಎಂಬುದನ್ನು ನಂಬಿ ಕೂರಬೇಡಿ.

ಸನ್ನೆಗಳು

ಸನ್ನೆಗಿಂತ ಮೊದಲು ಕಲಿಸಬೇಕಾದದ್ದು ನಮ್ಮತ್ತ ನೋಡುವ ಅಭ್ಯಾಸ. ಬೆನ್ನು ತಿರುಗಿಸಿದ ಕಿವುಡು ನಾಯಿಯನ್ನು ಕರೆಯಲು ದಾರಿಯೇ ಇಲ್ಲ. ಹಾಗಾಗಿ ಅದು ತಾನಾಗಿಯೇ ನಮ್ಮ ಮುಖ ನೋಡಿದಾಗಲೆಲ್ಲ, ಅದು ಯಾವ ಹೊತ್ತಾದರೂ ಸರಿ, ಬಹುಮಾನ ಸಿಗಬೇಕು. ಮೊದಲ ಹದಿನೈದು ದಿನ ನನ್ನ ಅಂಗಿಯ ಜೇಬಿನಲ್ಲಿ ಹುರಿದ ಕಡಲೆಯಷ್ಟು ಚಿಕ್ಕದಾಗಿ ಕತ್ತರಿಸಿದ ಕೋಳಿಯ ಚೂರುಗಳು ಒಂದು ಡಬ್ಬಿಯಲ್ಲಿ ಸದಾ ಇರುತ್ತಿದ್ದವು. ಅಂಗಳದಲ್ಲಿ ಮಣ್ಣು ಮೂಸುತ್ತಿದ್ದ ಮಲ್ಲಿ ತಲೆಯೆತ್ತಿ ನನ್ನತ್ತ ನೋಡಿದರೆ ಹೆಬ್ಬೆರಳು ಎತ್ತಿ ತೋರಿಸಿ, ತಕ್ಷಣ ಒಂದು ಚೂರು ಕೊಡುತ್ತಿದ್ದೆ. ಮೂರನೆಯ ವಾರಕ್ಕೆ ಅದು ಪ್ರತಿ ಅರ್ಧ ನಿಮಿಷಕ್ಕೊಮ್ಮೆ ನಾನಿರುವ ಜಾಗವನ್ನು ನೋಡಿಕೊಂಡೇ ಆಡತೊಡಗಿತು.

ಆ ಎತ್ತಿದ ಹೆಬ್ಬೆರಳೇ ಮೊದಲ ಸನ್ನೆ, ಅದರ ಅರ್ಥ ‘ಭೇಷ್’. ಬೇರೇನೂ ಕೇಳದೆ, ಹೆಬ್ಬೆರಳು ತೋರಿಸುವುದು, ತಿಂಡಿ ಕೊಡುವುದು, ಇಷ್ಟನ್ನೇ ಒಂದು ಸಲಕ್ಕೆ ಹತ್ತು ಹದಿನೈದು ಬಾರಿ ಮಾಡಿದರೆ ಎರಡು ಮೂರು ದಿನಗಳಲ್ಲಿ ನಾಯಿಗೆ ಅರ್ಥ ಹತ್ತುತ್ತದೆ. ಉಳಿದವು ಐದು: ನೋಡು, ಬಾ, ಕೂತುಕೋ, ನಿಲ್ಲು, ಆಯಿತು. ಇದಕ್ಕಿಂತ ಹೆಚ್ಚು ಕಲಿಸುವ ಆಸೆ ಹತ್ತಿಕ್ಕಿಕೊಳ್ಳಿ. ಇಪ್ಪತ್ತು ಸನ್ನೆ ಬಲ್ಲ ನಾಯಿಯನ್ನು ನೋಡಿ ಬಂದವರು ಮೆಚ್ಚುತ್ತಾರೆ, ಆದರೆ ಆ ಇಪ್ಪತ್ತನ್ನು ತಾವು ಕಲಿಯಬೇಕೆಂದು ತಿಳಿದಾಗ ಹಿಂಜರಿಯುತ್ತಾರೆ.

‘ಬಾ’ ಎನ್ನಲು ಹೊರದೇಶದ ವಿಡಿಯೊಗಳಲ್ಲಿ ಅಂಗೈಯನ್ನು ಮೇಲೆ ಮಾಡಿ ಬೆರಳು ಮಡಿಸುತ್ತಾರೆ. ನಾವು ಮನುಷ್ಯರನ್ನು ಕರೆಯುವಾಗ ಅಂಗೈಯನ್ನು ಕೆಳಗೆ ಮಾಡಿ ಬೆರಳುಗಳನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ನಾನು ಆರಿಸಿದ್ದು ಈ ಎರಡನೆಯದನ್ನು. ಗಂಗಾವತಿಯಲ್ಲಾಗಲಿ ಸಿಂಧನೂರಿನಲ್ಲಾಗಲಿ ಮುಂದಿನ ಮನೆಯ ಅಜ್ಜಿ ಯಾರೂ ಹೇಳಿಕೊಡದೆಯೇ ಹಾಗೆಯೇ ಕರೆಯುತ್ತಾಳೆ. ‘ಕೂತುಕೋ’ ಎನ್ನಲು ಎದೆಯ ಮುಂದೆ ಮುಚ್ಚಿದ ಮುಷ್ಟಿ, ‘ನಿಲ್ಲು’ ಎನ್ನಲು ಮುಂದೆ ಚಾಚಿದ ಅಂಗೈ, ‘ಆಯಿತು’ ಎನ್ನಲು ಬರಿದಾದ ಎರಡೂ ಕೈ. ‘ನೋಡು’ ಎನ್ನಲು ತೊಡೆಯ ಪಕ್ಕದಲ್ಲಿ ಕೈ ಅಲುಗಿಸುವುದು, ಹತ್ತಿರವಿದ್ದರೆ ಭುಜ ಮುಟ್ಟುವುದು. ‘ಬೇಡ’ ಎಂದು ತೋರುಬೆರಳು ಅಲ್ಲಾಡಿಸುವುದನ್ನೂ ಮೊದಲು ಕಲಿಸಿದ್ದೆ. ಮನೆಮಂದಿಯೆಲ್ಲ ದಿನವಿಡೀ ಅದೊಂದನ್ನೇ ಬಳಸಿ ನಾಯಿಯನ್ನು ಗದರತೊಡಗಿದ್ದರಿಂದ ಕೈಬಿಟ್ಟೆ. ನಾಯಿಗೆ ಒಂದು ಕೆಲಸ ಬೇಡವೆನ್ನುವುದಕ್ಕಿಂತ ‘ಬಾ’ ಎಂದು ಅಲ್ಲಿಂದ ಕರೆಯುವುದು ಸುಲಭ.

ಬೀದಿಯಿಂದ ಬಂದ ನಾಯಿಗೆ ಭುಜಕ್ಕಿಂತ ಮೇಲೆ ಎತ್ತಿದ ಕೈ ಎಂದರೆ ಹೊಡೆತ, ನೆಲದತ್ತ ಬಗ್ಗಿದ ಮನುಷ್ಯನೆಂದರೆ ಕಲ್ಲು. ಇದನ್ನು ತಿಳಿದೂ ಒಂದು ಸಂಜೆ ನಾನು ಮಾಳಿಗೆಯ ಮೇಲಿಂದ ಕೈಯನ್ನು ತಲೆಯ ಮೇಲೆತ್ತಿ ಜೋರಾಗಿ ಬೀಸಿ ಮಲ್ಲಿಯನ್ನು ಕರೆದೆ. ಅಂಗಳದ ನಡುವೆ ನಿಂತಿದ್ದ ಅದು ಹೊಟ್ಟೆಯನ್ನು ನೆಲಕ್ಕಂಟಿಸಿ, ಕಿವಿಗಳನ್ನು ಹಿಂದಕ್ಕೆ ಮಡಚಿ, ಇದ್ದಲ್ಲೇ ಉಚ್ಚೆ ಹೊಯ್ದುಕೊಂಡಿತು. ಅಂದಿನಿಂದ ಎಲ್ಲ ಸನ್ನೆಗಳೂ ಸೊಂಟದಿಂದ ಎದೆಯವರೆಗಿನ ಎತ್ತರದಲ್ಲೇ ಇರಬೇಕೆಂದು ಮನೆಯಲ್ಲಿ ನಿಯಮವಾಯಿತು.

ಬಾಯಿ ಮುಚ್ಚಿಕೊಂಡು ಸನ್ನೆ ಮಾಡಬೇಕಾಗಿಲ್ಲ. ಮಾತನಾಡುತ್ತಲೇ ಮಾಡಿ, ಆಗ ಮುಖದಲ್ಲಿ ಭಾವ ತಾನಾಗಿ ಮೂಡುತ್ತದೆ, ಮತ್ತು ನಾಯಿ ಕೈಯಷ್ಟೇ ಮುಖವನ್ನೂ ಓದುತ್ತದೆ. ಮನೆಯ ಎಲ್ಲರೂ ಒಂದೇ ಸನ್ನೆ ಬಳಸುವಂತೆ ಆರೂ ಸನ್ನೆಗಳ ಚಿತ್ರ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಆ ಹಾಳೆ ಮುಂದೆ ನಾಯಿಯ ಜೊತೆಗೇ ಹೋಗಬೇಕಾಗಿರುವುದರಿಂದ ಸ್ವಲ್ಪ ಅಂದವಾಗಿಯೇ ಬರೆಯಿರಿ.

ಕತ್ತಲು

ಏಪ್ರಿಲ್ ತಿಂಗಳ ಒಂದು ರಾತ್ರಿ ಕರೆಂಟು ಹೋದಾಗ ಮಲ್ಲಿ ಹಿತ್ತಲಿನಲ್ಲಿತ್ತು. ನಾನು ರೂಢಿಯಂತೆ ಕೈ ತೋರಿಸುತ್ತ ಹತ್ತಿರ ಹೋದೆ. ಕತ್ತಲಲ್ಲಿ ನನ್ನ ಕೈ ಅದಕ್ಕೆ ಕಾಣುವುದಾದರೂ ಹೇಗೆ? ಎದುರಿಗೆ ಬಂದ ಆಕಾರವನ್ನು ಕಂಡು ಬೆದರಿ ಮುಂಗೈಗೆ ಹಲ್ಲು ತಾಗಿಸಿತು. ಚರ್ಮ ಸ್ವಲ್ಪ ಕಿತ್ತಿತ್ತು. ಇಂಥ ಸಂದರ್ಭದಲ್ಲಿ ಗಾಯ ಎಷ್ಟು ಚಿಕ್ಕದಾದರೂ, ನಾಯಿಗೆ ಲಸಿಕೆ ಆಗಿದ್ದರೂ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಹತ್ತು ದಿನ ನಾಯಿಯ ಮೇಲೆ ಕಣ್ಣಿಡಬೇಕು. ಬೀದಿನಾಯಿಗಳನ್ನು ಮನೆಗೆ ತರುವ ಕೆಲಸಕ್ಕೆ ಇಳಿದವರು ಕಚ್ಚಿಸಿಕೊಳ್ಳುವ ಮುಂಚೆಯೇ ರೇಬೀಸ್ ಲಸಿಕೆಯ ಮುಂಜಾಗ್ರತಾ ಸರಣಿಯನ್ನು ಪಡೆದಿರುವುದು ಜಾಣತನ.

ಆ ರಾತ್ರಿಯ ನಂತರ ಬಾಗಿಲ ಬಳಿ ಒಂದು ಟಾರ್ಚ್ ಖಾಯಂ ಆಯಿತು. ಅದನ್ನು ನಾಯಿಯ ಕಣ್ಣಿಗೆ ಹಿಡಿಯಬಾರದು. ಬೆಳಕನ್ನು ನಿಮ್ಮ ಸನ್ನೆಯ ಕೈಯ ಮೇಲೆ ಮತ್ತು ಮುಖದ ಮೇಲೆ ಬೀಳಿಸಿಕೊಳ್ಳಿ. ದೂರದಲ್ಲಿದ್ದರೆ ಎರಡು ಸಲ ಮಿಣುಕಿಸಿ ಗಮನ ಸೆಳೆಯಬಹುದು, ಆದರೆ ನೆಲದ ಮೇಲೆ ಬೆಳಕಿನ ಚುಕ್ಕಿಯನ್ನು ಓಡಿಸಿ ಆಡಿಸಬೇಡಿ. ಬೆಳಕಿನ ಬೆನ್ನು ಹತ್ತುವ ಚಟ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ನಾಯಿ ಮಲಗುವ ಕಡೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪವಿದ್ದರೆ ಒಳ್ಳೆಯದು.

ಹೊರಗೆ

ಹೊರಗೆ ಹೋಗುವಾಗ ಹಗ್ಗ ಇರಲೇಬೇಕು. ‘ಈಗ ನಮ್ಮ ಮಾತು ಕೇಳುತ್ತದೆ’ ಎನ್ನಿಸಿದ ದಿನವೂ ಬಿಚ್ಚಬಾರದು. ಕೊರಳಪಟ್ಟಿಯೊಂದನ್ನೇ ನಂಬದೆ ಎದೆಗೆ ಬಿಗಿಯುವ ಹಾರ್ನೆಸ್ ಹಾಕಿ, ಬಯಲಿನಲ್ಲಿ ಆಡಿಸಲು ಮೂವತ್ತು ಅಡಿ ಉದ್ದದ ಹಗ್ಗ ಬಳಸಿ. ಕೊರಳಪಟ್ಟಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ನನಗೆ ಕಿವಿ ಕೇಳಿಸುವುದಿಲ್ಲ’ ಎಂದೂ ನಿಮ್ಮ ಫೋನ್ ಸಂಖ್ಯೆಯನ್ನೂ ಬರೆಸಿ. ಬಳ್ಳಾರಿ, ರಾಯಚೂರಿನ ಓಣಿಗಳಲ್ಲಿ ತೆಲುಗು, ಉರ್ದು ಮಾತನಾಡುವ ಮನೆಗಳೂ ಇರುವುದರಿಂದ ಒಂದು ಅಡ್ಡಗೆರೆ ಎಳೆದ ಕಿವಿಯ ಚಿತ್ರವೂ ಇರಲಿ. ಹೋರಿಗೆ ಕಟ್ಟುವಂಥ ಒಂದು ಚಿಕ್ಕ ಗೆಜ್ಜೆಯನ್ನೂ ನಾನು ಕಟ್ಟಿದ್ದೆ. ಕಿವುಡು ನಾಯಿಗೆ ಗೆಜ್ಜೆ ಏಕೆಂದು ನಕ್ಕವರುಂಟು. ಗೆಜ್ಜೆ ಇದ್ದದ್ದು ನಮಗಾಗಿ, ಏಕೆಂದರೆ ಮಂಚದ ಕೆಳಗೋ ಗೇಟಿನ ಹೊರಗೋ ಹೋದ ನಾಯಿಯನ್ನು ಹೆಸರು ಹಿಡಿದು ಕರೆದರೆ ಅದು ಬರುವುದಿಲ್ಲ.

ಓಣಿಯ ನಾಯಿಗಳ ಪರಿಚಯವನ್ನು ನಿಧಾನವಾಗಿ ಮಾಡಿಸಬೇಕು. ಅವುಗಳ ಗುರುಗುಡುವಿಕೆ ಇದಕ್ಕೆ ಕೇಳಿಸದ ಕಾರಣ, ಎಚ್ಚರಿಕೆಯನ್ನು ಮೀರಿ ಮುಂದೆ ಹೋಗಿ ಕಚ್ಚಿಸಿಕೊಳ್ಳುತ್ತದೆ. ಮನೆಯಲ್ಲಿ ಸಮಾಧಾನ ಸ್ವಭಾವದ ಇನ್ನೊಂದು ನಾಯಿ ಇದ್ದರೆ, ಅದು ತಲೆ ಎತ್ತಿದ ಕಡೆ ಇದೂ ತಲೆ ಎತ್ತುವುದನ್ನು ಕಲಿಯುತ್ತದೆ. ಬೇಸಿಗೆಯಲ್ಲಿ ನಡಿಗೆ ಬೆಳಗ್ಗೆ ಏಳರ ಒಳಗೆ ಮುಗಿಯಲಿ. ಅಂಗೈ ಹಿಂಬದಿಯನ್ನು ರಸ್ತೆಗೆ ತಾಗಿಸಿ ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆ ರಸ್ತೆ ಬೇಡ. ಬಿಳಿ ನಾಯಿಗಳ ಗುಲಾಬಿ ಮೂಗು ಮತ್ತು ಕಿವಿಯ ತುದಿ ಬಿಸಿಲಿಗೆ ಸುಡುತ್ತವೆ ಎಂಬುದನ್ನೂ ಗಮನಿಸಿ. ದೀಪಾವಳಿಯ ಪಟಾಕಿಗೆ ಮಾತ್ರ ಓಣಿಯ ನಾಯಿಗಳೆಲ್ಲ ನಡುಗುವಾಗ ಇದು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತದೆ.

ಒಪ್ಪಿಸುವುದು

ದತ್ತು ಕೊಡುವ ಪ್ರಕಟಣೆಯಲ್ಲಿ ‘ಪಾಪದ ನಾಯಿ’ ಎಂದು ಬರೆಯಬೇಡಿ. ಕರುಣೆಯಿಂದ ಫೋನ್ ಮಾಡುವವರು ನೂರು ಮಂದಿ, ಅವರಲ್ಲಿ ಬಂದು ನೋಡುವವರು ಇಬ್ಬರು. ನಾಯಿ ಸನ್ನೆಗೆ ಕೂರುವ, ಕರೆದರೆ ಓಡಿ ಬರುವ ಅರ್ಧ ನಿಮಿಷದ ವಿಡಿಯೊ ಹಾಕಿ, ಮೊದಲ ಸಾಲಿನಲ್ಲೇ ಕಿವುಡೆಂದು ಹೇಳಿ. ನಮಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಹೊಲ ಕಾಯಲು ನಾಯಿ ಬೇಕೆಂದವರದ್ದು. ಭತ್ತದ ಗದ್ದೆಯ ಬದುವಿನಲ್ಲಿ ರಾತ್ರಿ ಒಂಟಿಯಾಗಿ ಇರಲು ಈ ನಾಯಿ ತಕ್ಕುದಲ್ಲ ಎಂದು ನೇರವಾಗಿ ಹೇಳಿಬಿಡುವುದು ಇಬ್ಬರಿಗೂ ಒಳ್ಳೆಯದು. ಗೇಟಿನ ಚಿಲಕ ಸದಾ ಹಾಕುತ್ತಾರೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಚಿಕ್ಕ ಮಕ್ಕಳಿದ್ದಾರೆಯೇ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ ಎಂಬುದನ್ನು ಕೇಳುವುದಷ್ಟೇ ಅಲ್ಲ, ಹೋಗಿ ನೋಡಿ. ಕಿವುಡು ನಾಯಿಗಳಲ್ಲಿ ಕೆಲವಕ್ಕೆ ತಮ್ಮ ಬೊಗಳುವಿಕೆಯ ಅಳತೆ ತಿಳಿಯುವುದಿಲ್ಲ. ಅಕ್ಕಪಕ್ಕದವರ ವಿಷಯವನ್ನೂ ಮಾತಾಡಿ.

ಆಯ್ಕೆಯಾದ ಮನೆಯವರು ಕನಿಷ್ಠ ಮೂರು ಸಲ ನಿಮ್ಮಲ್ಲಿಗೆ ಬರಲಿ. ಮೊದಲ ಸಲ ಅವರು ನಿಮ್ಮನ್ನು ನೋಡುತ್ತಾರೆ. ಎರಡನೆಯ ಸಲ ತಿಂಡಿಯೂ ಸನ್ನೆಯೂ ಅವರ ಕೈಯಿಂದಲೇ ಆಗಲಿ, ನೀವು ಕೈ ಕಟ್ಟಿಕೊಂಡು ಕೂರಿ, ಏಕೆಂದರೆ ನಿಮ್ಮ ಬೆರಳು ಅಲುಗಿದರೆ ನಾಯಿ ಅವರತ್ತ ನೋಡುವುದೇ ಇಲ್ಲ. ಮೂರನೆಯ ಸಲ ನೀವು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಮಲ್ಲಿಯನ್ನು ಒಯ್ದವರಲ್ಲಿ ಎಡಗೈಯ ಹುಡುಗಿಯೊಬ್ಬಳಿದ್ದಳು. ಅವಳ ಎಡಮುಷ್ಟಿಗೆ ಮಲ್ಲಿ ಕೂರಲಿಲ್ಲ. ನಾನು ನಾಲ್ಕು ತಿಂಗಳೂ ಬಲಗೈಯನ್ನೇ ಬಳಸಿದ್ದೆನೆಂಬುದು ಆಗಲೇ ನನಗೆ ಹೊಳೆದದ್ದು. ಎರಡೂ ಕೈಗಳಿಂದ ಮೊದಲಿನಿಂದಲೇ ಅಭ್ಯಾಸ ಮಾಡಿಸಿ.

ನಾಯಿಯ ಜೊತೆಗೆ ಲಸಿಕೆಯ ಕಾರ್ಡು, ಶಸ್ತ್ರಚಿಕಿತ್ಸೆಯ ಚೀಟಿ, ಸನ್ನೆಗಳ ಚಿತ್ರದ ಹಾಳೆ, ಹದಿನೈದು ದಿನಕ್ಕಾಗುವಷ್ಟು ರೂಢಿಯ ಆಹಾರ, ಟಾರ್ಚ್, ಗೆಜ್ಜೆ ಕಟ್ಟಿದ ಕೊರಳಪಟ್ಟಿ ಹೋಗಲಿ. ಯಾವ ಕಾರಣಕ್ಕಾದರೂ ಸಾಕಲಾಗದಿದ್ದರೆ ಬೀದಿಗೆ ಬಿಡದೆ, ಬೇರೆಯವರಿಗೂ ಕೊಡದೆ ನಿಮಗೇ ಮರಳಿಸಬೇಕೆಂದು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಮೂರನೆಯ ದಿನ ಮತ್ತು ಮೂರನೆಯ ವಾರ ಫೋನ್ ಮಾಡಿ ವಿಚಾರಿಸಿ, ಆದರೆ ಮೊದಲ ತಿಂಗಳು ನೋಡಲು ಹೋಗಬೇಡಿ. ನಿಮ್ಮನ್ನು ಕಂಡರೆ ಅದು ಮತ್ತೆ ಮೊದಲಿನಿಂದ ಹುಡುಕಾಟ ಶುರುಮಾಡುತ್ತದೆ. ಮಲಗುವ ಹಲಗೆ, ದಿಂಬುಗಳನ್ನೂ ಕಳುಹಿಸಿ. ದಿಂಬನ್ನು ಒಗೆಯದೆ ಕಳುಹಿಸಿ, ಮೂರು ವಾರವಾದರೂ ಒಗೆಯಬೇಡಿರೆಂದು ಅವರಿಗೂ ಹೇಳಿ. ಹೊಸ ಮನೆಯ ಮೊದಲ ರಾತ್ರಿ ಆ ನಾಯಿಗೆ ಪರಿಚಿತವಾಗಿ ಉಳಿಯುವುದು ಆ ವಾಸನೆ ಒಂದೇ.